ತಮಾಷೆಗೆ ಅಂದ ಮಾತು

ಸಭೆಯ ಅಧ್ಯಕ್ಷರಾದ ಗುತ್ತೆಪ್ಪನವರೇ, ವೇದಿಕೆಯ ಮೇಲಿನ ಗಣ್ಯರೇ, ಇಂದು ‘ಮಾತಿನ ಮಲ್ಲಿಗೆ’ ಎಂಬ ಬಿರುದು ಪಡೆಯಲಿರುವ ಹಾಲೇಶ ಅವರೇ, ಬಿಸಿಲಲ್ಲೂ ಸಭಾಂಗಣ ತುಂಬಿಸಿರುವ ಅಕ್ಕಿಆಲೂರಿನ ಸಭಿಕರೇ,

ಹಾಲೇಶ ಅವರ ಬಗ್ಗೆ ಅಭಿನಂದನೆಯ ಮಾತಾಡಿ ಶಾಲು ಹೊದಿಸಬೇಕೆಂದು ಈ ಸಮಾರಂಭ ಏರ್ಪಡಿಸಿದ ಬಳಗದವರು ನನ್ನನ್ನು ಕರೆದರು. ನಾನು ಹೇಮಾ, ಹಿರೇಕೆರೂರಿನ ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿನ ನರ್ಸಾಗಿದ್ದು ನಿವೃತ್ತಳಾದವಳು. ಸೂಜಿ ಚುಚ್ಚುವವರನ್ನು ಹಾರ ಹಾಕಲು ಕರೆಯುವುದು ಅಪರೂಪ. ಕರೆದಿದ್ದೀರಿ, ಸಂತೋಷ. ಆದರೆ ಅಭಿನಂದನೆಯ ಮಾತು ನನ್ನ ಬಾಯಿಂದ ಬರುವುದಿಲ್ಲ.

ಹಾಲೇಶ ಅವರ ಧ್ವನಿ ಕೇಳದವರು ಇಲ್ಲಿ ಯಾರಿದ್ದೀರಿ? ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಎಲ್ಲಿ ಮದುವೆಯಾದರೂ, ಎಲ್ಲಿ ಸಭೆಯಾದರೂ ಮೈಕಿನ ಮುಂದೆ ಅವರೇ. ಅಳುವವರನ್ನು ನಗಿಸುವ ಧ್ವನಿ, ನಂಬಿಕೆ ಹುಟ್ಟಿಸುವ ಧ್ವನಿ. ನಾನು ಹೇಳಬೇಕಾದದ್ದು ಆ ನಂಬಿಕೆಯ ಬಗ್ಗೆಯೇ.

ಕಳೆದ ವರ್ಷದ ಮಳೆಗಾಲದಲ್ಲಿ, ನಾನಿನ್ನೂ ನಿವೃತ್ತಳಾಗುವ ಮೊದಲು, ಒಂದು ಬೆಳಿಗ್ಗೆ ವಾರ್ಡಿನಲ್ಲಿ ಔಷಧಿ ಕೊಡುತ್ತಿದ್ದೆ. ಜ್ವರದ ಮಗುವನ್ನು ಮಡಿಲಲ್ಲಿಟ್ಟುಕೊಂಡಿದ್ದ ತಾಯಿಯೊಬ್ಬಳ ಫೋನಿನಲ್ಲಿ ಇದೇ ಧ್ವನಿ ಕೇಳಿಸಿತು. ಗಂಟಲು ತುಂಬಿ ಬಂದಂತೆ ಹೇಳುತ್ತಿತ್ತು: “ಅಣ್ಣಾರ, ಅಕ್ಕಾರ, ಹೊಟ್ಟಿ ಉರಿತೈತಿ. ಸವಣೂರಿನ ಹುಸೇನಬಿ ಮಾಡಿದ ಖಾರ ತಿಂದು ಎರಡು ಕೂಸು ಹಿರೇಕೆರೂರು ದವಾಖಾನ್ಯಾಗ ತೀರಿಕೊಂಡಾವು. ನಿಮ್ಮ ಮಕ್ಕಳ ಬಾಯಿಗೆ ಅದನ್ನ ಹಾಕಬ್ಯಾಡ್ರಿ.”

ಆ ತಾಯಿ ಮಗುವನ್ನು ಎದೆಗವಚಿಕೊಂಡು ನನ್ನನ್ನು ಕೇಳಿದಳು: “ಸಿಸ್ಟರ್, ಆ ಕೂಸು ಯಾವ ಕಾಟಿನ ಮ್ಯಾಲ ಸತ್ತಾವ್ರಿ?”

ಸಭಿಕರೇ, ಅದು ನನ್ನ ವಾರ್ಡು. ಅಲ್ಲಿ ಯಾವ ಮಗುವೂ ಸತ್ತಿರಲಿಲ್ಲ. ಖಾರ ತಿಂದು ಹೊಟ್ಟೆನೋವೆಂದು ಬಂದ ಮಗು ಕೂಡ ಇರಲಿಲ್ಲ. ಹಾಗೆಂದು ಹೇಳಿದೆ. ನಾನು ಮುಚ್ಚಿಡುತ್ತಿದ್ದೇನೆ ಎಂದು ಆಕೆ ಪಕ್ಕದವಳಿಗೆ ಪಿಸುಗುಟ್ಟಿದಳು. ವಾರ್ಡಿನಲ್ಲೇ ನಿಂತ ನನ್ನ ಮಾತಿಗಿಂತ ಎಲ್ಲಿಯೋ ಕುಳಿತವರ ಧ್ವನಿ ಹೆಚ್ಚಾಯಿತು. ಯಾಕೆ? ಆಕೆಯ ಮದುವೆಯಲ್ಲಿ ಮೈಕು ಹಿಡಿದದ್ದು ಅದೇ ಧ್ವನಿ.

ಹುಸೇನಬಿ ಯಾರು? ಗಂಡ ತೀರಿದ ಮೇಲೆ ಖಾರ, ಅಂದರೆ ಮಸಾಲೆ ಹಾಕಿದ ಕುರುಕಲು ತಿಂಡಿ ಮಾಡಿ, ಡಬ್ಬಿಗಳಲ್ಲಿ ತುಂಬಿ, ಸವಣೂರಿನ ಬಸ್ ನಿಲ್ದಾಣದ ಎದುರು ಮಾರಿ ಮೊಮ್ಮಗಳು ಮಾಹೀರಾಳನ್ನು ಓದಿಸುತ್ತಿದ್ದವರು. ಹಾಲೇಶ ಅವರು ಕಾರ್ಯಕ್ರಮಕ್ಕೆ ಹೋಗುವಾಗ ಅಲ್ಲಿ ಇಳಿಯುತ್ತಿದ್ದರು. “ದೊಡ್ಡವ್ವಾ” ಎಂದು ಕರೆಯುತ್ತಿದ್ದರು. ಆಕೆ ಪೊಟ್ಟಣ ಕಟ್ಟಿ ಕೈಗಿಡುತ್ತಿದ್ದರು, ದುಡ್ಡು ಮುಟ್ಟುತ್ತಿರಲಿಲ್ಲ.

ನಾನು ಅಂದೇ ಹಾಲೇಶ ಅವರಿಗೆ ಫೋನು ಮಾಡಿದೆ. ಅವರು ಅಲ್ಲಗಳೆಯಲಿಲ್ಲ. ನಕ್ಕರು. “ತಮಾಷೆಗೆ ಹಾಕಿದ್ನಿರಿ ಸಿಸ್ಟರ್, ನಮ್ಮ ಗೆಳೆಯರ ಗುಂಪಿನ್ಯಾಗ. ಇಷ್ಟು ದೂರ ಹೊಕ್ಕೈತಿ ಅಂತ ಯಾರಿಗೆ ಗೊತ್ತಿತ್ರಿ?” ಹಾಗಾದರೆ ಅದೇ ಧ್ವನಿಯಲ್ಲಿ ಸುಳ್ಳೆಂದು ಹೇಳಿ ಎಂದೆ. ಸಂಜೆಯೊಳಗೆ ಹೇಳುತ್ತೇನೆಂದು ಮಾತು ಕೊಟ್ಟರು. ಯಾವ ಸಂಜೆ ಎಂದು ನಾನು ಕೇಳಬೇಕಿತ್ತು.

ಹಾನಗಲ್ಲಿನ ನಮ್ಮ ಸಣ್ಣ ಚರ್ಚಿನಲ್ಲಿ ನನ್ನ ಅಪ್ಪ ಉಪದೇಶಿಯಾಗಿದ್ದರು. ಊಟಕ್ಕೆ ಮೊದಲು ನಮ್ಮ ಬೈಬಲ್ಲಾದ ಸತ್ಯವೇದದಿಂದ ಜ್ಞಾನಿಗಳ ಬೋಧೆಯನ್ನು ಓದಿ ನಮ್ಮ ಮಾತಿನಲ್ಲಿ ಬಿಡಿಸಿ ಹೇಳುತ್ತಿದ್ದರು. ನೆರೆಯವನಿಗೆ ಮೋಸ ಮಾಡಿ ಆಮೇಲೆ ತಮಾಷೆಗೆ ಎನ್ನುವವನನ್ನು ಆ ಜ್ಞಾನಿಗಳು ಬೆಂಕಿಯ ಕೊಳ್ಳಿ ಎಸೆಯುವ ಹುಚ್ಚನ ಜೊತೆ ನಿಲ್ಲಿಸಿದ್ದಾರೆ. ನಾಲಿಗೆ ತಪ್ಪಿತು ಎಂಬ ಮಾತನ್ನು ಅಪ್ಪ ಒಪ್ಪುತ್ತಿರಲಿಲ್ಲ. ಸುಳ್ಳಿನಿಂದ ಯಾರನ್ನು ಗಾಯ ಮಾಡುತ್ತೇವೆಯೋ ಅವರ ಮೇಲೆ ನಮ್ಮೊಳಗೆ ದ್ವೇಷ ಇದ್ದೇ ಇರುತ್ತದೆ, ಮಾತು ಎಷ್ಟು ನುಣುಪೋ ದ್ವೇಷ ಅಷ್ಟು ಆಳದಲ್ಲಿ ಅಡಗಿರುತ್ತದೆ ಎನ್ನುತ್ತಿದ್ದರು. ನನಗೆ ಆಗ ಅರ್ಥವಾಗಲಿಲ್ಲ. ಮದುವೆಯಾದ ಮೇಲೆ ಆಯಿತು. ನನ್ನ ಯಜಮಾನರು ನಾಲ್ಕು ಜನರ ಮುಂದೆ, ಇವಳಿಗೆ ತಲೆ ಸರಿಯಿಲ್ಲ, ಔಷಧಿ ಅದಲುಬದಲು ಮಾಡುತ್ತಾಳೆ ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಮನೆಗೆ ಬಂದು ಅತ್ತರೆ, ತಮಾಷೆಗೆ ಅಂದೆ, ನಿನಗೆ ನಗುವುದೇ ಬರುವುದಿಲ್ಲ ಎನ್ನುತ್ತಿದ್ದರು. ಕೊನೆಗೆ ಕೈಯಲ್ಲಿ ಔಷಧಿ ಹಿಡಿದರೆ ನನಗೇ ನನ್ನ ಮೇಲೆ ಅನುಮಾನ ಬರುತ್ತಿತ್ತು... ಅದಿರಲಿ. ಅವರು ಈಗ ಇಲ್ಲ. ಆ ವಿಷಯ ಇಲ್ಲಿ ಬೇಡ.

ಹುಸೇನಬಿಯ ಅಂಗಡಿಗೆ ಗಿರಾಕಿಗಳು ಬರುವುದು ನಿಂತಿತು. ಆಕೆ ಏನು ಮಾಡಿದರು? ಒಂದು ಸಂತೆಯ ದಿನ ಡಬ್ಬಿಗಳನ್ನೆಲ್ಲ ಬಸ್ ನಿಲ್ದಾಣದ ಮುಂದೆ ಸಾಲಾಗಿಟ್ಟು, ನಡುವೆ ಕುಳಿತು, ಒಂದೊಂದರಿಂದ ಹಿಡಿ ತುಂಬ ತೆಗೆದು ತಿನ್ನತೊಡಗಿದರು. “ವಿಷ ಇದ್ದರ ನಾನ ಮೊದಲ ಸಾಯ್ತೇನಿ. ನೋಡಕೋತ ನಿಂದರ್ರಿ” ಎಂದರು. ಮಾಹೀರಾ ಅಳುತ್ತ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಮಂದಿ ನೋಡಿದರು, ಫೋನಿನಲ್ಲಿ ಚಿತ್ರ ತೆಗೆದರು. ಒಬ್ಬರೂ ಒಂದು ಕಾಳು ಖಾರ ಬಾಯಿಗೆ ಹಾಕಲಿಲ್ಲ.

ವಯಸ್ಸಾದ ಹೊಟ್ಟೆ ಅಷ್ಟು ಖಾರವನ್ನು ತಡೆದೀತೇ? ಮಧ್ಯಾಹ್ನದ ಹೊತ್ತಿಗೆ ವಾಂತಿ ಮಾಡಿಕೊಂಡು ಬಿದ್ದರು, ಆಸ್ಪತ್ರೆಗೆ ಸೇರಿಸಿದರು. ಆಗ ಈ ಮಾತಿನ ಮಲ್ಲಿಗೆಯಿಂದ ಎರಡನೆಯ ಸಂದೇಶ ಹೊರಟಿತು: “ನಾ ಹೇಳಿದ್ನಲ್ರಿ? ಮಾಡಿದಾಕಿನ ಮಲಗ್ಯಾಳ ನೋಡ್ರಿ.” ಜೊತೆಗೆ ನಗುವ ಮುಖದ ಗುರುತು. ಅಂದಿನವರೆಗೆ, ಬುದ್ಧಿಯಿಲ್ಲದೆ ಆಡಿರಬಹುದು ಎಂದು ನನ್ನ ಮನಸ್ಸಿನ ಒಂದು ಮೂಲೆ ಹೇಳುತ್ತಿತ್ತು. ಆ ನಗು ನೋಡಿದ ಮೇಲೆ ಅಪ್ಪನ ಮಾತು ಸರಿ ಎನಿಸಿತು. ಆ ಸುಳ್ಳು, ಹುಸೇನಬಿಯ ಬಗ್ಗೆ ಏನನ್ನೂ ಹೇಳಲಿಲ್ಲ. ಆಡಿದವರ ಬಗ್ಗೆ ಎಲ್ಲವನ್ನೂ ಹೇಳಿತು. ಉಪ್ಪು ಖಾರ ಕೊಟ್ಟ ಕೈಯನ್ನು ಅವರು ಒಂದು ದಿನವೂ ಮನುಷ್ಯರ ಕೈ ಎಂದು ತಿಳಿದಿರಲಿಲ್ಲ.

ಹಾಲೇಶ ಅವರು ಈಗಲೂ ನಗುತ್ತಿದ್ದಾರೆ. ಇದೂ ತಮಾಷೆ ಎಂದುಕೊಂಡಿರಬೇಕು. ಬಳಗದವರೇ, ಚೀಟಿ ಕಳಿಸಬೇಡಿ, ಸಮಯ ನನಗೂ ಗೊತ್ತು.

ಹುಸೇನಬಿ ಬದುಕಿದರು. ಅಂಗಡಿ ಬದುಕಲಿಲ್ಲ. ಈಗ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿ ಮಾಡುತ್ತಾರೆ. ಮಾಹೀರಾ ಕಾಲೇಜು ಬಿಟ್ಟು ಪಕ್ಕದಲ್ಲೇ ಕೂರುತ್ತಾಳೆ. ಈ ಸಭೆಗೆ ಬರುವ ಮೊದಲು ಅಲ್ಲಿಗೆ ಹೋಗಿ, ಹೆಸರು ಹೇಳದೆ ಮಾತಾಡಲೇ ಎಂದು ಕೇಳಿದೆ. ಹುಸೇನಬಿ ಕೆಲಸದಿಂದ ತಲೆ ಎತ್ತದೆಯೇ ಹೇಳಿದರು: “ಹೆಸರು ಹಿಡಿದ ಹೇಳ್ರಿ. ಅವ ನನ್ನ ಹೆಸರು ಹೇಳೂಮುಂದ ಅಂಜಲಿಲ್ಲ. ನೀವ್ಯಾಕ ಅಂಜ್ತೀರಿ?” ಅದಕ್ಕೇ ಹೇಳಿದ್ದೇನೆ.

ಕೋಪ ಹಾಲೇಶ ಅವರೊಬ್ಬರ ಮೇಲೆ ಎಂದು ತಿಳಿಯಬೇಡಿ. ಆ ಸಂದೇಶವನ್ನು ಕೇಳಿ, ಮುಂದೆ ಕಳಿಸಿ, ಈಗ ಅದೇ ಬಾಯಿಗೆ ಬಿರುದು ಕೊಡಲು ಚಂದಾ ಎತ್ತಿದವರು ಯಾರು? ಅಧ್ಯಕ್ಷರೇ, ಶಾಲನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಹೊದಿಸುವುದು, ಬಿಡುವುದು ನಿಮಗೆ ಸೇರಿದ್ದು.

ನಾಳೆ ನಾನು ಮತ್ತೆ ಬ್ಯಾಡಗಿಗೆ ಹೋಗುತ್ತೇನೆ. ಅಕ್ಕಿಆಲೂರಿನ ಮಂದಿ ಏನಂದರು ಎಂದು ಆ ಅಜ್ಜಿ ಕೇಳುತ್ತಾರೆ. ಚಪ್ಪಾಳೆ ತಟ್ಟಿದರು ಎನ್ನಲೇ? ಸುಮ್ಮನೆ ಕುಳಿತಿದ್ದರು ಎನ್ನಲೇ? ನಾನು ಸುಳ್ಳು ಹೇಳುವುದಿಲ್ಲ, ನೀವು ಮಾಡಿದ್ದನ್ನೇ ಹೇಳುತ್ತೇನೆ.

ಇಷ್ಟು ಹೊತ್ತು ಮೈಕು ಕಿತ್ತುಕೊಳ್ಳದೆ ಮಾತಾಡಲು ಬಿಟ್ಟಿದ್ದಕ್ಕೆ ಕೃತಜ್ಞಳು. ನಮಸ್ಕಾರ.