ಗರಡಿಯ ಕೀಲಿ

ಬೈಲಹೊಂಗಲದ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದ ಶೀತಲಳ ಕಿವಿ ಪಕ್ಕದ ಮಾತಿನತ್ತಲೇ ಇತ್ತು. ಸಂಗೊಳ್ಳಿಯ ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದ, ಹಳೆಯ ಪೈಲ್ವಾನ ಹನುಮಪ್ಪ, ರಾಜ್ಯ ಬಾಕ್ಸಿಂಗ್‌ನಲ್ಲಿ ಚಿನ್ನ ಗೆದ್ದು ಆಗಷ್ಟೇ ಬಂದಿಳಿದ ಮೊಮ್ಮಗಳನ್ನು ಕರೆದೊಯ್ಯಲು ಬಂದಿದ್ದ.

“ಫೈನಲ್‌ದಾಗ ಎಷ್ಟು ಹೊಡತ ತಿಂದಿ, ದುರ್ಗವ್ವಾ?”

“ಮೂರ ಮೂರು, ಅಜ್ಜಾ. ಕೊಟ್ಟಿದ್ದು ಲೆಕ್ಕಾನ ಇಲ್ಲ!”

“ಶಾಬಾಸ್! ನಮ್ಮ ಗರಡ್ಯಾಗ ನಿನ್ನ ಫೋಟೋ ಹಾಕಸ್ತೇನಿ.”

“ಹುಡುಗಿ ಅಂತ ನನ್ನ ಒಳಗ ಬಿಡದ ಗರಡ್ಯಾಗ?”

ಮುದುಕ ತಲೆಯ ರುಮಾಲು ತೆಗೆದು ಹೆಗಲಿಗೆ ಹಾಕಿಕೊಂಡ. ಶೀತಲ ಅವರತ್ತ ತಿರುಗಿಯೇ ಬಿಟ್ಟಳು.

“ನಮ್ಮಪ್ಪ ಮಾಡಿದ ಪದ್ಧತಿ. ನಾನೂ ನಡಿಸಿದೆ. ತಪ್ಪಾತವ್ವಾ.”

“ಫೋಟೋ ಬ್ಯಾಡ, ಕೀಲಿ ಕೊಡು. ಓಣಿ ಹುಡುಗ್ಯಾರಿಗೆ ನಾಳಿಂದ ನಾನ ಕಲಸ್ತೇನಿ.”

ಹನುಮಪ್ಪ ಜೇಬಿನಿಂದ ಕೀಲಿ ತೆಗೆದು ಅವಳ ಅಂಗೈಯಲ್ಲಿಟ್ಟ.

ಅಷ್ಟರಲ್ಲಿ ಸಂಗೊಳ್ಳಿ ಬಸ್ ಬಂತು. ಬಾಗಿಲಲ್ಲಿ ಮುಗಿಬಿದ್ದ ಜನರನ್ನು ಸರಿಸುತ್ತ ಮುದುಕ ಕೂಗಿದ:

“ಸರೀರಿ, ನಮ್ಮ ಗರಡಿ ವಸ್ತಾದರು ಬಂದಾರ, ದಾರಿ ಬಿಡ್ರಿ!”