ಅಂಕ ಹಾಕಲಾಗದ ದ್ರಾಕ್ಷಾರಸ

ಪೇಟೆಯೊಂದರಲ್ಲಿ ಶ್ರೀಮಂತನೊಬ್ಬ ಇದ್ದ, ಪ್ರಿಯರೇ. ಯಾವ ಪೇಟೆ ಅಂತ ಕೇಳಬೇಡಿ, ಹೇಳಿದರೆ ನೀವು ಪಕ್ಕದ ಬೆಂಚಿನವರ ಮುಖ ನೋಡುತ್ತೀರಿ. ಅವನಿಗೆ ಮನೆ ಇತ್ತು, ಕಾರು ಇತ್ತು, ಚರ್ಚಿನ ಸಭೆಯಲ್ಲಿ ಮೂರನೇ ಬೆಂಚಿನಲ್ಲಿ ಖಾಯಂ ಜಾಗವೂ ಇತ್ತು. ಜೊತೆಗೆ ವೈನಿನ ಹುಚ್ಚಿತ್ತು. ನೋಡಿ, ವೈನ್ ಅಂದ ಕೂಡಲೇ ಹಿಂದಿನ ಸಾಲಿನವರ ನಿದ್ದೆ ಹಾರಿಹೋಯಿತು! ಇರಲಿ, ಕೇಳಿ. ಅವನು ಕುಡುಕನಲ್ಲ, ರುಚಿಗಾರ.

ಹುಚ್ಚು ಹಿಡಿದದ್ದು ಹೇಗೆ ಗೊತ್ತೇ? ಇಪ್ಪತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ, ಬೆಟ್ಟದ ಬುಡದ ದ್ರಾಕ್ಷಿ ತೋಟದ ಮುಂದೆ ಅವನ ಕಾರು ಪಂಕ್ಚರ್ ಆಯಿತು. ಡ್ರೈವರ್ ಟೈರು ಬದಲಿಸುವಷ್ಟರಲ್ಲಿ ತೋಟದ ಒಡತಿ, ಒಬ್ಬ ತಾಯಿ, ತಾನೇ ಮಾಡಿದ ವೈನನ್ನು ಸ್ಟೀಲ್ ಲೋಟದಲ್ಲಿ ಕೊಟ್ಟಳು. ಒಂದು ಗುಟುಕು ಕುಡಿದ. ಮಣ್ಣು, ಬಿಸಿಲು, ಒಂದಿಷ್ಟು ನೀರು ಸೇರಿದರೆ ಹೀಗೂ ಆಗುತ್ತದೆಯೇ ಅಂತ ಬೆರಗಾಗಿ, ಖಾಲಿ ಲೋಟ ಹಿಡಿದುಕೊಂಡು ನಿಂತೇ ಇದ್ದ. ಇದಕ್ಕೆ ಎಷ್ಟು ಅಂಕ ಅಂತ ಅವತ್ತು ಯಾರಾದರೂ ಕೇಳಿದರೇ? ಯಾರೂ ಕೇಳಲಿಲ್ಲ.

ಆಮೇಲೆ ತೋಟಕ್ಕೆ ಹೆಸರು ಬಂತು. ಪರದೇಶದಿಂದ ರುಚಿ ನೋಡಿ ಅಂಕ ಕೊಡುವ ದೊಡ್ಡ ವಿಮರ್ಶಕರು ಬಂದರು. ನೂರಕ್ಕೆ ತೊಂಬತ್ತು ಕೊಟ್ಟರು, ಮರುವರ್ಷ ತೊಂಬತ್ತಮೂರು ಕೊಟ್ಟರು. ಅಂಕ ಏರಿತು, ಬೆಲೆ ಏರಿತು. ಇನ್ನೂರೈವತ್ತಕ್ಕೆ ಸಿಗುತ್ತಿದ್ದ ಬಾಟಲಿ ಮೂರು ಸಾವಿರ ಮುಟ್ಟಿತು. ಪ್ರತಿ ಶನಿವಾರ ಸಂಜೆ ಶ್ರೀಮಂತನ ಮನೆಯ ವರಾಂಡದಲ್ಲಿ ಗೆಳೆಯರು ಸೇರಿ ಇದೇ ಮಾತು. ಇಷ್ಟು ಬೆಲೆ ಏರಿಸುವುದಾ ಅಂತ ಬೈಯುತ್ತಿದ್ದರು. ನಾವು ಮೊದಲೇ ಕಂಡುಹಿಡಿದಿದ್ದೆವಲ್ಲ ಅಂತ ಮೀಸೆಯನ್ನೂ ತಿರುವುತ್ತಿದ್ದರು.

ಒಂದು ಶನಿವಾರ ಹೊಸ ಬಾಟಲಿ ತೆರೆದರು. ವಕೀಲನೊಬ್ಬ ಕುಡಿದು ಮುಖ ಹಿಂಡಿದ.

"ಯಾಕೋ ಈ ವರ್ಷದ್ದು ಸಪ್ಪೆ ಕಣ್ರೀ."

ಡಾಕ್ಟರು ಮೊಬೈಲು ನೋಡಿ, "ಏನ್ ಸಪ್ಪೆ ರೀ? ತೊಂಬತ್ತೈದು ಕೊಟ್ಟಿದಾರೆ!" ಅಂದರು.

ವಕೀಲ ಇನ್ನೊಂದು ಗುಟುಕು ಎಳೆದ. "ಹೌದೌದು, ಈಗ ಗೊತ್ತಾಯ್ತು ನೋಡಿ. ಗ್ಲಾಸೇ ಸರಿ ಇರ್ಲಿಲ್ಲ."

ಎಲ್ಲರೂ ತಲೆದೂಗಿದರು. ಶ್ರೀಮಂತನೂ ತಲೆದೂಗಿದ. ಆದರೆ ಒಳಗೊಳಗೇ ಅವನಿಗೆ ಹೆದರಿಕೆಯಾಯಿತು. ಯಾಕೆಂದರೆ ಅವನ ನಾಲಿಗೆಗೂ ಏನೂ ಗೊತ್ತಾಗಿರಲಿಲ್ಲ. ಆ ಸ್ಟೀಲ್ ಲೋಟದ ಬೆರಗು ಎಷ್ಟೋ ವರ್ಷದಿಂದ ಮತ್ತೆ ಬಂದೇ ಇರಲಿಲ್ಲ. ಎಲ್ಲಾ ಬಾಟಲಿ ಕೊಳ್ಳುವ ಶಕ್ತಿ ಇತ್ತು, ಒಂದರಿಂದಲೂ ಸಂತೋಷಪಡುವ ಶಕ್ತಿ ಉಳಿದಿರಲಿಲ್ಲ. ಅದಕ್ಕಿಂತ ದೊಡ್ಡ ಬಡತನ ಯಾವುದಿದೆ, ಹೇಳಿ?

ಅಷ್ಟರಲ್ಲಿ ಆ ವಿಮರ್ಶಕರಲ್ಲೇ ಎಲ್ಲರಿಗಿಂತ ದೊಡ್ಡವನ ಹೊಸ ಬರಹ ಬಂತು. ಏನು ಬರೆದಿದ್ದ ಗೊತ್ತೇ? "ಆ ತೋಟದ ಎಲ್ಲಕ್ಕಿಂತ ಹಳೆಯ ಬಳ್ಳಿಯದು ಒಂದೇ ಒಂದು ಪುಟ್ಟ ಪೀಪಾಯಿ ಇದೆ. ಜಾಡಿಗೆ ತುಂಬಿಸುತ್ತಿದ್ದಾಗ ಒಡತಿ ನನ್ನ ಅಂಗೈಗೆ ಒಂದು ಗುಟುಕು ಹಾಕಿದಳು. ಅಂಕ ಬರೆಯಲು ಪೆನ್ನು ತೆಗೆದೆ, ಮತ್ತೆ ಜೇಬಿಗೆ ಇಟ್ಟುಕೊಂಡೆ. ಇದಕ್ಕೆ ಅಂಕ ಹಾಕಲು ನಾನು ಯಾರು? ಇದು ಮಾರಾಟಕ್ಕಿಲ್ಲ."

ಶ್ರೀಮಂತನಿಗೆ ಕೂತಲ್ಲಿ ಕೂರಲಾಗಲಿಲ್ಲ. ಮರುದಿನವೇ ತೋಟಕ್ಕೆ ಹೋದ. ಆ ತಾಯಿಗೆ ಈಗ ಕೂದಲು ಪೂರ್ತಿ ನರೆತಿತ್ತು.

"ಅಮ್ಮಾ, ಆ ಹಳೇ ಬಳ್ಳಿದು ಒಂದು ಬಾಟ್ಲಿ ಬೇಕು. ನೀವು ಹೇಳಿದ ರೇಟು."

"ಮಾರಲ್ಲ ಕಣಪ್ಪ."

"ಬಾಟ್ಲಿ ಬೇಡ, ಒಂದು ಗುಟುಕು ಸಾಕು. ನಿಜ ಹೇಳ್ತೀನಮ್ಮಾ, ನಂಗೆ ಈಗ ಯಾವುದ್ರಲ್ಲೂ ರುಚಿ ಇಲ್ಲ. ಅವತ್ತು ನೀವು ಲೋಟದಲ್ಲಿ ಕೊಟ್ಟಾಗ ಆಗಿತ್ತಲ್ಲ, ಸಾಯೋದ್ರೊಳಗೆ ಇನ್ನೊಂದ್ಸಲ ಹಂಗಾಗ್ಬೇಕು."

ದೊಡ್ಡ ಮನುಷ್ಯ, ಮಗುವಿನ ಹಾಗೆ ಬೇಡಿದ. ಅವಳು ಅವನನ್ನು ತೋಟದ ಮೂಲೆಗೆ ಕರೆದುಕೊಂಡು ಹೋದಳು. ಅಲ್ಲಿತ್ತು ಆ ಬಳ್ಳಿ. ಬಳ್ಳಿ ಅನ್ನಬೇಕೋ ಮರ ಅನ್ನಬೇಕೋ! ತೊಡೆ ಗಾತ್ರದ ಕಾಂಡ ಕಲ್ಲುಕಂಬವನ್ನು ತಬ್ಬಿಕೊಂಡು ಮೇಲೇರಿ, ಚಪ್ಪರದ ತುಂಬಾ ಹಬ್ಬಿತ್ತು. ಶ್ರೀಮಂತ ತಾನಾಗಿಯೇ ಚಪ್ಪಲಿ ಬಿಟ್ಟ.

"ನಮ್ಮ ಮಾವನೋರು ಮೊದಲು ನೆಟ್ಟ ಬಳ್ಳಿ ಇದೇ. ನೆಟ್ಟ ದಿನಾನೇ ದೇವರಿಗೆ ಅಂತ ಬಿಟ್ಟರು. ಇದ್ರಲ್ಲಿ ಒಂದು ಹನಿನೂ ನಾವು ಮಾರಿಲ್ಲ. ಈ ವರ್ಷದ್ದೂ ಹೊರಟುಹೋಯ್ತು, ಕರ್ತನ ಭೋಜನಕ್ಕೆ, ಪೇಟೆ ಚರ್ಚಿಗೆ."

"ಯಾವ ಚರ್ಚಿಗಮ್ಮಾ?"

"ಗಡಿಯಾರದ ಗೋಪುರ ಇದೆಯಲ್ಲ, ಅದಕ್ಕೆ. ಯಾಕಪ್ಪ, ನೀನು ಯಾವ ಸಭೆಯವನು?"

"ಅದೇ ಗೋಪುರದ ಸಭೆ ಕಣಮ್ಮಾ, ಮೂರನೇ ಬೆಂಚು," ಅಂದ. ಅವಳಿಗೆ ಅರ್ಥವಾಯಿತು. ಬಾಯಿಗೆ ಸೆರಗು ಹಿಡಿದಳು.

"ಅಯ್ಯೋ ನನ್ನಪ್ಪ! ಇಷ್ಟು ವರ್ಷ ಕುಡೀತಾ ಬಂದಿದ್ದೀಯಲ್ಲೋ!"

ಕೇಳಿದಿರಾ? ಇಷ್ಟು ವರ್ಷ! ತಿಂಗಳು ತಿಂಗಳೂ ಕರ್ತನ ಭೋಜನಕ್ಕೆ ಮೊಣಕಾಲೂರಿದ್ದ, ತಿಂಗಳು ತಿಂಗಳೂ ಆ ಪಾತ್ರೆಯನ್ನು ತುಟಿಗೆ ತಾಗಿಸಿಕೊಂಡಿದ್ದ. ಒಂದು ಕಣ್ಣು ಗಡಿಯಾರದ ಮೇಲೆ, ಒಂದು ಮನಸ್ಸು ಮಧ್ಯಾಹ್ನದ ಊಟದ ಮೇಲೆ. ಲೋಕದ ದೊಡ್ಡ ರುಚಿಗಾರನ ಪೆನ್ನು ನಿಲ್ಲಿಸಿದ ದ್ರಾಕ್ಷಾರಸ ಇವನ ಗಂಟಲಲ್ಲಿ ಸುಮ್ಮನೆ ಇಳಿದು ಹೋಗಿತ್ತು.

ಮುಂದಿನ ಭೋಜನದ ಭಾನುವಾರ ಅವನು ಎಲ್ಲರಿಗಿಂತ ಮೊದಲು ಬಂದ. ಬೆಳಿಗ್ಗೆ ಕಾಫಿ ಕೂಡ ಕುಡಿದಿರಲಿಲ್ಲ, ನಾಲಿಗೆ ಕೆಡುತ್ತದೆ ಅಂತ. ಇವತ್ತು ರುಚಿ ನೋಡಿಯೇ ಬಿಡುತ್ತೇನೆ ಅಂತ ಪಣ. ಭೋಜನದ ಮೇಜಿನ ಕಂಬಿಯ ಮುಂದೆ ಮೊಣಕಾಲೂರಿದಾಗ ಪಕ್ಕದಲ್ಲಿ ಯಾರು ಗೊತ್ತೇ? ಅವನ ಮನೆಯ ಅಡಿಗೆಯವಳು. ಹದಿನಾಲ್ಕು ವರ್ಷದಿಂದ ಅವನ ಮನೆಯಲ್ಲಿ ಬೇಯಿಸುತ್ತಿದ್ದವಳು. ಅವಳೂ ಇದೇ ಸಭೆಗೆ ಬರುತ್ತಾಳೆ ಅನ್ನುವುದು ಅವನಿಗೆ ಗೊತ್ತಿತ್ತು, ಆದರೆ ಒಮ್ಮೆಯೂ ತಿರುಗಿ ನೋಡಿರಲಿಲ್ಲ. ದ್ರಾಕ್ಷಾರಸದ ಪಾತ್ರೆ ಮೊದಲು ಅವಳ ಹತ್ತಿರ ಬಂತು. ಒಂದು ಗುಟುಕು ತೆಗೆದುಕೊಂಡಳು, ಕಣ್ಣು ಮುಚ್ಚಿದಳು. ಕಣ್ಣೀರು ಧಾರಾಕಾರವಾಗಿ ಇಳಿಯಿತು.

ಇವಳಿಗೆ ಮೊದಲೇ ಗೊತ್ತಿತ್ತು! ಯಾವ ಅಂಕ ಓದದೆ, ಯಾವ ಬೆಲೆ ಕೇಳದೆ, ಇಷ್ಟು ವರ್ಷ ಇವಳಿಗೆ ಗೊತ್ತಿತ್ತು!

ಅದೇ ಪಾತ್ರೆ ಅವನ ತುಟಿಗೆ ಬಂತು. ಕ್ರಿಸ್ತನ ರಕ್ತ, ನಿನಗಾಗಿ, ಅಂತ ಪಾದ್ರಿ ಹೇಳುವ ಮಾತು ಕೇಳಿಸಿತು. ಆ ಮಾತನ್ನು ಅವತ್ತು ಮೊದಲ ಸಲ ಕೇಳಿಸಿಕೊಂಡ. ನನಗಾಗಿಯೇ? ನನ್ನಂಥವನಿಗಾಗಿಯೇ? ಕುಡಿದ. ಏಳಲು ಆಗಲಿಲ್ಲ. ಅಡಿಗೆಯವಳೇ ತೋಳು ಹಿಡಿದು ಎಬ್ಬಿಸಿದಳು.

ಶನಿವಾರ, ವಿಷಯ ತಿಳಿದ ಗೆಳೆಯರು ಮುತ್ತಿಕೊಂಡರು. "ಹೇಳಿ ಮತ್ತೆ, ಹೆಂಗಿತ್ತು? ಎಷ್ಟು ಪಾಯಿಂಟು?"

ಅವನು ಯೋಚಿಸಿದ. ಆಮೇಲೆ ನಕ್ಕುಬಿಟ್ಟ.

"ರುಚಿ ನೋಡೋದೇ ಮರೆತುಬಿಟ್ಟೆ ಕಣ್ರಯ್ಯ."

ಈಗ ನಿಮ್ಮನ್ನು ಕೇಳುತ್ತೇನೆ. ನಿಮ್ಮ ಮನೆಯಲ್ಲಿ ಯಾವ ಪಾತ್ರೆ ರುಚಿ ಗೊತ್ತಾಗದೆ ಖಾಲಿಯಾಗುತ್ತಿದೆ? ಹೋಟೆಲಿಗೆ ಹೋದರೆ ಎಷ್ಟು ಸ್ಟಾರ್ ಅಂತ ನೋಡುತ್ತೀರಿ, ಮಗಳು ಶಾಲೆಯಿಂದ ಬಂದರೆ ಎಷ್ಟು ಮಾರ್ಕ್ಸ್ ಅಂತ ಕೇಳುತ್ತೀರಿ. ಅವಳು ಇವತ್ತು ಯಾಕೆ ನಕ್ಕಳು ಅಂತ ಕೇಳಿದ್ದೀರಾ? ಹೆಂಡತಿ ಬಡಿಸಿದ ಸಾರು ಬಾಯಲ್ಲಿ, ಕಣ್ಣು ಮೊಬೈಲಿನಲ್ಲಿ. ನಿಮ್ಮನ್ನು ಮಾತ್ರ ಬೈಯುತ್ತಿಲ್ಲ. ಈ ಪಾತ್ರೆ ಹಿಡಿದು ನಿಂತಾಗ, ಇನ್ನೂ ಎಷ್ಟು ಸಾಲು ಉಳಿದಿದೆ ಅಂತ ನಾನೂ ಎಣಿಸಿದ್ದುಂಟು. ಕರ್ತನು ನನ್ನನ್ನು ಕ್ಷಮಿಸಲಿ.

ಇವತ್ತು ಮನೆಗೆ ಹೋಗಿ, ಊಟದ ಮುಂದೆ ಫೋನ್ ಪಕ್ಕಕ್ಕಿಡಿ. ಮೊದಲ ತುತ್ತು ನಿಧಾನವಾಗಿ ಅಗಿಯಿರಿ. ಅದನ್ನು ಬೇಯಿಸಿದ ಕೈಯನ್ನು ಒಮ್ಮೆ ನೋಡಿ, ಚೆನ್ನಾಗಿದೆ ಅಂತ ಬಾಯಿಬಿಟ್ಟು ಹೇಳಿ. ನಿಮ್ಮ ಮನೆಯಲ್ಲಿ ಕೆಲಸ ಮಾಡುವವರು ಈ ಸಭೆಯಲ್ಲಿ ಇದ್ದರೆ, ಇವತ್ತು ಅವರ ಪಕ್ಕದಲ್ಲಿ ಮೊಣಕಾಲೂರಿ.

ಕರ್ತನ ಮೇಜು ಸಿದ್ಧವಾಗಿದೆ. ಯಾರೂ ಗಡಿಯಾರ ನೋಡಬೇಡಿ. ಅದು ಹೇಗೂ ಐದು ನಿಮಿಷ ಮುಂದಿದೆ. ಎದ್ದು ಬನ್ನಿ, ಇದು ನಿಮಗಾಗಿ.