ಬಾವಿ ಪಕ್ಕದ ಬಿಳಿ ಕಲ್ಲುಗಳು

ಮತ್ತೆ ನಡುವೆ ಬಾಯಿ ಹಾಕಿದಿರಾ? ಒಬ್ಬರಿಗೆ ಚಹಾ ಬೇಕು, ಇನ್ನೊಬ್ಬರಿಗೆ ನಗು. ಕೂಸು ಈಗಷ್ಟೇ ಮಲಗಿದೆ, ಕೇಳುವುದಾದರೆ ಸುಮ್ಮನೆ ಕೇಳಿ. ಇದು ಇಲ್ಲೇ ಮೇಯೋ ಸೀಮೆಯಲ್ಲಿ, ನಮ್ಮ ಪಕ್ಕದ ಮನೆಯ ಓರ್ಲಾಗೆ ಆದದ್ದು.

ಅವಳ ಗಂಡ ಫಿಂಟನ್ ಕೆಳಗಿನ ಹೊಲವನ್ನು ಮನೆ ಕಟ್ಟುವವರಿಗೆ ಮಾರಲು ಹೊರಟಿದ್ದ. ಕಟ್ಟುವ ಮುಂಚೆ ಅಲ್ಲಲ್ಲಿ ಉದ್ದಕ್ಕೆ ಕಂದಕ ತೋಡಿ, ಮಣ್ಣಡಿ ಹಳೆಯದೇನಾದರೂ ಇದೆಯೇ ಎಂದು ನೋಡುತ್ತಾರಲ್ಲ... ಏನಾದರೂ ಸಿಕ್ಕರೆ ಕಟ್ಟಲು ಬಿಡುವುದಿಲ್ಲ, ಮಾರಾಟ ಕೆಟ್ಟಂತೆಯೇ. ಆ ಹೊಲದ ಮೂಲೆಯಲ್ಲಿ ಏನಿದೆ ಎಂದು ಊರಿಗೆಲ್ಲ ಗೊತ್ತು. ಜ್ಞಾನಸ್ನಾನಕ್ಕೆ ಮುಂಚೆಯೇ ಸತ್ತ ಕೂಸುಗಳಿಗೆ ಹಿಂದೆ ಚರ್ಚಿನ ಮಣ್ಣು ಸಿಗುತ್ತಿರಲಿಲ್ಲ. ಅಪ್ಪಂದಿರು ಕತ್ತಲಲ್ಲಿ ತಂದು ಅಲ್ಲಿ ಹೂತು, ಮೇಲೊಂದು ಬಿಳಿ ಕಲ್ಲಿಟ್ಟು ಹೋಗುತ್ತಿದ್ದರು. ಓರ್ಲಾಳ ಅತ್ತೆ ನೋರೀನಳ ಚೊಚ್ಚಲ ಮಗನೂ ಅಲ್ಲೇ. ಕಲ್ಲುಗಳೆಲ್ಲ ಒಂದೇ ಥರ, ಜಾಗದಿಂದಷ್ಟೇ ಗುರುತು. ಮುದುಕಿ ಪ್ರತಿ ಭಾನುವಾರ ಹೋಗಿ ತನ್ನ ಕಲ್ಲಿನ ಪಕ್ಕ ನಿಂತು ಬರುತ್ತಿದ್ದಳು.

ಅಗೆಯುವವರು ಬರುವ ಹಿಂದಿನ ದಿನ ಓರ್ಲಾ ಆ ಕಲ್ಲುಗಳನ್ನೆಲ್ಲ ಬಕೆಟ್ಟಿಗೆ ತುಂಬಿ ಬಾವಿ ಪಕ್ಕ ಸುರಿದಳು. ಹೊಲ ಮಾರಿದ ದುಡ್ಡಿನಲ್ಲಿ ಅವಳಿಗೂ ಅತ್ತೆಯಿಲ್ಲದ ಒಂದು ಅಡುಗೆಮನೆ ಬೇಕಿತ್ತು. ಅಗೆಯಲು ಬಂದ ಹುಡುಗಿ, ಮೂಲೆಯಲ್ಲೇನಿದೆ ಎಂದು ಕೇಳಿದಳು.

"ದನ ತುಳಿದ ಕೆಸರು," ಎಂದ ಫಿಂಟನ್. "ಬೂಟು ಹೂತುಹೋದರೆ ನನ್ನ ಕೇಳಬೇಡ."

ಕಂದಕ ಮೂಲೆಯನ್ನು ಬಿಟ್ಟು ಹಾದುಹೋಯಿತು. ಏನೂ ಸಿಗಲಿಲ್ಲ. ಅವತ್ತು ಫಿಂಟನ್ ಊರಿಗೆಲ್ಲ ಕುಡಿಸಿದ.

ಓರ್ಲಾ ಪಬ್ಬಿನಿಂದ ಒಬ್ಬಳೇ ಹೊರಟಳು. ಹುಲ್ಲೆಲ್ಲ ಹೆಪ್ಪುಗಟ್ಟಿ ಕಾಲಡಿ ಕರಕರ ಎನ್ನುತ್ತಿತ್ತು. ಬಾವಿ ಹತ್ತಿರ ಬಂದಾಗ... ಟಕ್. ನಿಂತಳು. ಟಕ್... ಟಕ್. ಮಕ್ಕಳು ಕೂತು ಕಲ್ಲಿಗೆ ಕಲ್ಲು ಬಡಿದು ಆಡುವ ಸದ್ದು.

"ಅತ್ತೆ... ನೀವಾ?"

ಸದ್ದು ನಿಂತಿತು. ಯಾರೂ ಇಲ್ಲ. ಬಗ್ಗಿ ಒಂದು ಕಲ್ಲು ಮುಟ್ಟಿದಳು. ಬೆಚ್ಚಗಿತ್ತು. ಇನ್ನೊಂದು... ಅದೂ. ಎಲ್ಲವೂ, ಮಗ್ಗುಲಿಂದ ಆಗಷ್ಟೇ ಎತ್ತಿದ ಕೂಸಿನ ಮೈಯಂತೆ.

ಕೋಟಿನಲ್ಲಿ ಕಟ್ಟಿಕೊಂಡು ಓಡಿಬಂದು ಅಡುಗೆಮನೆಯ ಮೇಜಿನ ಮೇಲೆ ಸುರಿದಳು. ಬೆಳಿಗ್ಗೆ ನಾನು ಹಾಲು ಕೇಳಲು ಹೋದಾಗ ಒಲೆ ಆರಿತ್ತು, ಕಲ್ಲುಗಳು ಬೆಚ್ಚಗೇ ಇದ್ದವು. ಈ ಕೈಯಿಂದಲೇ ಮುಟ್ಟಿದ್ದೇನೆ, ನನ್ನ ಮಕ್ಕಳಾಣೆ. ನೋರೀನ್ ಒಂದೊಂದನ್ನೇ ಎತ್ತಿ ಕೆನ್ನೆಗೆ ಒತ್ತಿ ಇಡುತ್ತಿದ್ದಳು. ಕೊನೆಯ ಕಲ್ಲನ್ನೂ ಇಟ್ಟು ಮೆಲ್ಲಗೆ ಕೇಳಿದಳು.

"ಇದರಲ್ಲಿ ನನ್ನವನು ಯಾವನೇ, ಓರ್ಲಾ?"